ಡಯಾಲಿಸಿಸ್ ತೋರಿಸಿದ ಶೇ. 95ನ್ನು ನಂಬಬಹುದೇ?

ಮುರುಗಲು ಸಿಪ್ಪೆಯಿಂದ ಬೇರ್ಪಡಿಸಿದ ಗಾರ್ಸಿನಾಲ್ 40 ಮಿ.ಗ್ರಾಂ., ಸೋಯಾ ಫಾಸ್ಫಟಿಡೈಲ್‌ಕೋಲಿನ್ ಎಂಬ ಲಿಪಿಡ್ (ಕೊಬ್ಬಿನ ಜಾತಿಯ ವಸ್ತು) 100 ಮಿ.ಗ್ರಾಂ. ತೆಗೆದುಕೊಂಡು, ಅವನ್ನು ತೆಳುಪೊರೆಯಾಗಿ ಒಣಗಿಸಿ ನೀರು ಬೆರೆಸುವ ವಿಧಾನದಲ್ಲಿ ಲೈಪೊಸೋಮ್, ಅಂದರೆ ಔಷಧ ಹೊರುವ ಲಿಪಿಡ್‌ನ ಸೂಕ್ಷ್ಮ ಗುಳ್ಳೆಗಳನ್ನು ಮಾಡಿದ್ದೀರಿ. ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲವನ್ನು ನೀರಿನಲ್ಲಿಟ್ಟು ಮಾಡುವ ಪರೀಕ್ಷೆ) ಪ್ರಕಾರ ಶೇ. 95ರಷ್ಟು ಗಾರ್ಸಿನಾಲ್ ಗುಳ್ಳೆಗಳಲ್ಲಿ ಒಳಸೇರಿದ್ದರೂ ಎರಡೇ ದಿನದಲ್ಲಿ ಸೀಸೆಯ ತಳದಲ್ಲಿ ಹಳದಿ ಗಸಿ ಕೂತದ್ದೇಕೆ ಎಂಬುದು ಶಿರಸಿಯಿಂದ ಬಂದ ನಿಮ್ಮ ಪ್ರಶ್ನೆ. ಔಷಧ ತಯಾರಿಕೆಯಲ್ಲಿ ಕೆಲಸ ಮಾಡಿ, ಈಗ ಕಾರವಾರದಲ್ಲಿ ಅದನ್ನೇ ಪಾಠ ಹೇಳುವವನಾಗಿ ನಾನು ಕೊಡುವ ಸಲಹೆ ಇಷ್ಟು: ಆ ಶೇ. 95ನ್ನು ಬದಿಗಿಡಿ, ಗಸಿಯನ್ನು ನಂಬಿ.

ಡಯಾಲಿಸಿಸ್ ಚೀಲದಿಂದ ಹೊರಬರಬೇಕಾದರೆ ಔಷಧ ಮೊದಲು ನೀರಿನಲ್ಲಿ ಕರಗಬೇಕು. ಮುರುಗಲಿನ ಕೆಂಪು ಬಣ್ಣ ನೀರಿಗಿಳಿದು ಪಾನಕಕ್ಕೆ ರಂಗು ಕೊಡುತ್ತದೆ. ಗಾರ್ಸಿನಾಲ್ ಹಾಗಲ್ಲ, ಅದು ಕೊಬ್ಬನ್ನೇ ಹುಡುಕುವ ವಸ್ತು. ಲೈಪೊಸೋಮ್‌ಗೆ ಸೇರದೆ ಉಳಿದದ್ದು ಸಣ್ಣ ಹರಳುಗಳಾಗಿ ಚೀಲದೊಳಗೇ ನಿಲ್ಲುತ್ತದೆ, ಹೊರಗಿನ ನೀರು ಶುಭ್ರವಾಗಿರುತ್ತದೆ, ಆ ನೀರನ್ನು ಅಳೆದು ನೂರರಿಂದ ಕಳೆದವರಿಗೆ ಎಲ್ಲವೂ ಒಳಗೆ ಹೋದಂತೆ ಕಾಣುತ್ತದೆ. ಇಂಥ ಅಂಕಿಗಳು ಪ್ರಬಂಧಗಳಲ್ಲಿ ಸಾಕಷ್ಟು ಕಾಣಸಿಗುತ್ತವೆ ಎಂಬುದು ನನ್ನ ಬೇಸರ.

ಇನ್ನು ಜಾಗದ ಲೆಕ್ಕ. ನೀರಿನಲ್ಲಿ ಕರಗದ ಔಷಧ ಇರಬಹುದಾದ್ದು ಗುಳ್ಳೆಯ ಗೋಡೆಯಾದ ಲಿಪಿಡ್‌ನ ದ್ವಿಪದರದಲ್ಲಿ (ಎರಡು ಸಾಲು ಅಣುಗಳ ಪದರದಲ್ಲಿ) ಮಾತ್ರ. ನಡುವಿನ ನೀರಿನ ಕೋಶದಿಂದ ಅದಕ್ಕೆ ಪ್ರಯೋಜನವಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕ್ಯಾನ್ಸರ್ ಔಷಧ ಶೇ. 3–4 ಮೋಲ್ (ತೂಕವಲ್ಲ, ಅಣುಗಳ ಎಣಿಕೆಯ ಅಳತೆ) ದಾಟಿದರೆ ಪದರದಿಂದ ಹೊರಬಿದ್ದು ಹರಳಾಗುತ್ತದೆ. ಉದಾರವಾಗಿ ಹತ್ತು ಮೋಲ್ ಲಿಪಿಡ್‌ಗೆ ಒಂದು ಮೋಲ್ ಎಂದಿಟ್ಟುಕೊಂಡರೂ, ಗಾರ್ಸಿನಾಲ್‌ನ ಅಣುತೂಕ ಸುಮಾರು 603 ಆದ್ದರಿಂದ, ನಿಮ್ಮ 100 ಮಿ.ಗ್ರಾಂ. ಲಿಪಿಡ್‌ಗೆ 8 ಮಿ.ಗ್ರಾಂ. ಆಗುತ್ತದೆ. ನೀವು ಹಾಕಿದ್ದು ಅದರ ಐದು ಪಟ್ಟು. ಕೊಲೆಸ್ಟರಾಲ್ ಸೇರಿಸಿದರೆ ಪದರ ಬಿಗಿಯಾಗುತ್ತದೆ ನಿಜ, ಆದರೆ ಅದೂ ಅದೇ ಜಾಗಕ್ಕೆ ಪೈಪೋಟಿ ಮಾಡುವುದರಿಂದ ಔಷಧದ ಪಾಲು ಇನ್ನೂ ಇಳಿಯಬಹುದು.

ಆದ್ದರಿಂದ 2, 4, 8 ಮಿ.ಗ್ರಾಂ. ಹೀಗೆ ಏರಿಸುತ್ತ ಹೋಗಿ. ಪ್ರತಿಯೊಂದನ್ನೂ 100 ನ್ಯಾನೋಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಪೊರೆಯ ಮೂಲಕ ಹಾಯಿಸಿ, ಒಂದು ದಿನ ಇಟ್ಟು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ (ಲೈಪೊಸೋಮ್ ದಾಟುತ್ತದೆ, ಹರಳು ಉಳಿಯುತ್ತದೆ), ಸೋಸಿ ಬಂದದ್ದನ್ನು ಮೆಥನಾಲ್‌ನಲ್ಲಿ ಪೂರ್ತಿ ಕರಗಿಸಿದ ಮೇಲೆ ಔಷಧ, ಲಿಪಿಡ್ ಎರಡನ್ನೂ ಅಳೆಯಿರಿ. ಇವೆರಡರ ಅನುಪಾತ ಎಲ್ಲಿ ಏರುವುದನ್ನು ನಿಲ್ಲಿಸುತ್ತದೋ ಅದೇ ಪದರದ ಮಿತಿ. ಸೋಸುವ ಮೊದಲು ಒಂದು ಹನಿಯನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಸೂಜಿಯಂತೆ ಹೊಳೆಯುವವು ಹರಳುಗಳು, ಆದರೆ ಶಿಲುಬೆಯಾಕಾರದಲ್ಲಿ ಹೊಳೆಯುವವು ಹಲವು ಪದರದ ಲೈಪೊಸೋಮ್‌ಗಳೇ ಆಗಿರುತ್ತವೆ.

ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಒಂದು ಎಚ್ಚರಿಕೆ: ಫ್ರೀಜರ್‌ನಿಂದ ತೆಗೆದ ಲಿಪಿಡ್ ಬಾಟಲಿಯ ತಣುಪು ಪೂರ್ತಿ ಬಿಡುವ ಮೊದಲು ಮುಚ್ಚಳ ತೆರೆಯಬೇಡಿ. ಲಿಪಿಡ್ ತೇವ ಹೀರುತ್ತದೆ, ಸೋಯಾ ಲಿಪಿಡ್ ಗಾಳಿಗೂ ಬೇಗ ಕೆಡುತ್ತದೆ.

ಡಾಕ್ಸಿಲ್‌ನಂತೆ (ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧ ತುಂಬಿದ ಲೈಪೊಸೋಮ್) ಅಮೋನಿಯಂ ಸಲ್ಫೇಟ್ ಬಳಸಿ ಔಷಧವನ್ನು ಒಳಗೆಳೆಯಬಹುದೇ ಎಂದೂ ಕೇಳಿದ್ದೀರಿ. ಆ ಉಪಾಯ ಡಾಕ್ಸೊರೂಬಿಸಿನ್‌ನಂಥ ದುರ್ಬಲ ಕ್ಷಾರಗಳಿಗೆ ಒಗ್ಗುತ್ತದೆ. ಗಾರ್ಸಿನಾಲ್‌ನಲ್ಲಿ ಆ ಕ್ಷಾರಗುಣ ಕೊಡುವ ಅಮೈನ್ ಗುಂಪೇ ಇಲ್ಲ. ನಿಮಗೆ ಹತ್ತಿರದ ಮಾದರಿ 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹಬ್ಬಿದಾಗ ದೇಶವೆಲ್ಲ ಹುಡುಕಾಡಿದ ಲೈಪೊಸೋಮಲ್ ಆಂಫೊಟೆರಿಸಿನ್ ಬಿ. ಅದು ಪದರದಲ್ಲೇ ಗಟ್ಟಿಯಾಗಿ ಕೂರುವುದು ಅಲ್ಲಿನ ಕೊಲೆಸ್ಟರಾಲ್‌ನೊಂದಿಗೂ ಋಣಾವೇಶದ ಲಿಪಿಡ್‌ನೊಂದಿಗೂ ಅದಕ್ಕಿರುವ ನಂಟಿನಿಂದ. ಅಂಥ ನಂಟಿಲ್ಲದ ಔಷಧ ರಕ್ತ ಸೇರಿದೊಡನೆ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೂ ಕೊಬ್ಬು ಹೊರುವ ಲೈಪೊಪ್ರೋಟೀನ್‌ಗಳಿಗೂ ಜಿಗಿಯಬಹುದು. ಹೀಗಾಗಿ ಔಷಧ ಬಿಡುಗಡೆಯ ಪರೀಕ್ಷೆಯನ್ನು ಬರಿಯ ಬಫರ್‌ನಲ್ಲಿ (ಆಮ್ಲೀಯತೆ ಬದಲಾಗದ ಲವಣದ ನೀರಿನಲ್ಲಿ) ಮಾಡಿ ‘ನಿಧಾನ ಬಿಡುಗಡೆ’ ಎಂದು ಬರೆಯಬೇಡಿ. ಅಲ್ಲಿ ಔಷಧಕ್ಕೆ ಹೋಗಲು ಬೇರೆ ಜಾಗವೇ ಇರುವುದಿಲ್ಲ. ಬಫರ್‌ಗೆ ಆಲ್ಬುಮಿನ್ ಅಥವಾ ಸೀರಮ್ ಸೇರಿಸಿ ಪರೀಕ್ಷಿಸಿ, ಪಕ್ಕದಲ್ಲಿ ಲೈಪೊಸೋಮ್ ಇಲ್ಲದ ಗಾರ್ಸಿನಾಲನ್ನೂ ಇಟ್ಟು ಹೋಲಿಸಿ.