ಗಾಜು ಮಬ್ಬಾದರೆ

ಪ್ರಶ್ನೆ: ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಕಾರಿನ ಮುಂದಿನ ಗಾಜು ಪೂರ್ತಿ ಮಬ್ಬಾಗುತ್ತದೆ. ಒರೆಸಿದರೆ ಎರಡೇ ನಿಮಿಷಕ್ಕೆ ಮತ್ತೆ ಅದೇ ಕತೆ. ಏನು ಮಾಡಲಿ ಸಾರ್?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮೊದಲು ಗಾಡಿ ಬದಿಗೆ ಹಾಕಿ, ಗಾಜಿಗೆ ಬೆರಳು ಎಳೆದು ನೋಡಿ. ಗೆರೆ ಒಳಗಡೆ ಮೂಡಿದರೆ ಅದು ನಿಮ್ಮದೇ ಉಸಿರು, ಒದ್ದೆ ಕೊಡೆ, ಕಾಲಡಿಯ ನೆಂದ ಮ್ಯಾಟಿನ ತೇವ. ತಣ್ಣಗಿನ ಗಾಜಿಗೆ ತಗುಲಿ ಹನಿಗಟ್ಟಿದೆ. ಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಎ.ಸಿ. ಹಾಕಿ. ಈ ಚಳಿಗೆ ಎ.ಸಿ.ಯಾ ಅನ್ನಬೇಡಿ, ಅದು ಗಾಳಿಯ ತೇವ ತೆಗೆಯುತ್ತದೆ. ಜೊತೆಗೆ ಹೀಟರನ್ನೂ ತಿರುಗಿಸಿದರೆ ಇನ್ನೂ ಬೇಗ ತಿಳಿಯಾಗುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಮಾತ್ರ ಆಫ್ ಇರಲಿ. ನಮ್ಮ ಗ್ಯಾರೇಜಿಗೆ ಬರುವವರು ಎಡವುವುದೇ ಇಲ್ಲಿ.

ಡಿಸೆಂಬರಿನಲ್ಲೊಮ್ಮೆ ಹಿಂದಿನ ಸೀಟಿನಲ್ಲಿ ಹಸಿ ಕಾಫಿ ಹಣ್ಣಿನ ಎರಡು ಚೀಲ ಹಾಕಿಕೊಂಡು ಹೊರಟಿದ್ದೆ. ಆಲ್ದೂರು ಬರುವಷ್ಟರಲ್ಲಿ ಗಾಜು ಹಾಲು ಬಳಿದಂತೆ! ನಾನೋ, ಮೆಕ್ಯಾನಿಕ್! ಕಿಟಕಿ ಇಳಿಸಿ, ನಡುಗುತ್ತಲೇ ಮನೆ ಸೇರಿದೆ.

ಹೊರಗಡೆ ಮಬ್ಬಿದ್ದರೆ ಲೆಕ್ಕ ಉಲ್ಟಾ. ಎ.ಸಿ.ಯೇ ಗಾಜನ್ನು ತಣ್ಣಗೆ ಮಾಡಿದೆ. ತಂಪು ಕಡಿಮೆ ಮಾಡಿ ವೈಪರ್ ಹಾಕಿ, ಸಾಕು.

ಗಾಜಿನ ಒಳಮೈಯ ಜಿಡ್ಡಿಗೂ ತೇವ ಬೇಗ ಹಿಡಿಯುತ್ತದೆ. ಪಾತ್ರೆ ಸೋಪಿನ ಒಂದೆರಡು ಹನಿ ನೀರಿಗೆ ಹಾಕಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಉಜ್ಜಿ. ಹಿಂದಿನ ಗಾಜಿನ ಸಣ್ಣ ಗೆರೆಗಳು ಬಿಸಿಯಾಗುವ ತಂತಿಗಳು, ಅಲ್ಲಿ ಗೆರೆಯುದ್ದಕ್ಕೇ ಮೆಲ್ಲಗೆ ಒರೆಸಿ.