ಸುರತ್ಕಲ್‌ನಲ್ಲಿ ಕಡಲಿಗೆ ಹತ್ತಿರ ಹೊಸ ಮನೆ. ಗೋಲ್ಡ್ ಪ್ಲೇಟೆಡ್ ಎಚ್‌ಡಿಎಂಐ ಕೇಬಲಿಗೆ ಹೆಚ್ಚು ದುಡ್ಡು ಕೊಡಬೇಕಾ?

ನೀವು ಕೇಳಿದ್ದು ಇಷ್ಟು: ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಕೇಳಿದಾಗ ಅಂಗಡಿಯಲ್ಲಿ ಎರಡು ಮೀಟರಿನ ಎರಡು ಕೇಬಲ್ ತೋರಿಸಿದರು, ಒಂದಕ್ಕೆ 350 ರೂಪಾಯಿ, ಗೋಲ್ಡ್ ಪ್ಲೇಟೆಡ್ ಇನ್ನೊಂದಕ್ಕೆ 1,800. ಚಿನ್ನದ್ದಾದರೆ ಚಿತ್ರವೂ ಚೆನ್ನಾಗಿ ಬರುತ್ತದೆ, ಉಪ್ಪು ಗಾಳಿಗೂ ಹಾಳಾಗುವುದಿಲ್ಲ ಎಂದರು. ಚಿತ್ರದ ಮಾತು ಸುಳ್ಳು. ಉಪ್ಪು ಗಾಳಿಯ ಮಾತಿನಲ್ಲಿ ಹುರುಳು ಉಂಟು, ಆದರೆ ಅದಕ್ಕೆ 1,450 ರೂಪಾಯಿ ಮೇಲೆ ಕೊಡಬೇಕಾಗಿಲ್ಲ. 350ರದ್ದನ್ನೇ ತೆಗೆದುಕೊಳ್ಳಿ. ತೆಗೆದುಕೊಳ್ಳುವಾಗ ಎಂತ ನೋಡಬೇಕು ಎಂದು ಹೇಳುತ್ತೇನೆ.

ನಾನು ಉಡುಪಿಯಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ಸರ್ವಿಸ್ ಮಾಡುತ್ತಿದ್ದೇನೆ. ಒಂದು ಮಳೆಗಾಲ ಮಲ್ಪೆ ಬಂದರಿನ ಹತ್ತಿರದ ಐಸ್ ಪ್ಲಾಂಟ್ ಆಫೀಸಿನಿಂದ ಫೋನ್ ಬಂತು, ಮಾನಿಟರ್ ಪೂರ್ತಿ ಹಳದಿಯಾಗಿದೆ, ಬಿಳಿ ಹಾಳೆಯೂ ಹಳದಿಯಾಗಿ ಕಾಣುತ್ತದೆ ಎಂದು. ಹಳೆಯ ವಿಜಿಎ ಕೇಬಲ್, ಎಚ್‌ಡಿಎಂಐ ಬರುವ ಮೊದಲು ಮಾನಿಟರಿಗೆ ಹಾಕುತ್ತಿದ್ದದ್ದು. ಎರಡು ಬದಿಯ ಸ್ಕ್ರೂಗೆ ತುಕ್ಕು ಹಿಡಿದು ಬೆರಳಿಗೆ ತಿರುಗಲಿಲ್ಲ, ಇಕ್ಕಳ ಹಾಕಿ ಬಿಚ್ಚಬೇಕಾಯಿತು. ಎಳೆದು ಟಾರ್ಚ್ ಹಿಡಿದರೆ ಮೇಲಿನ ಸಾಲಿನ ಮೂರನೆಯ ಪಿನ್ನಿನ ಬುಡದಲ್ಲಿ ಹಸಿರು ಪುಡಿ. ತೊಳೆಯದೆ ಬಿಟ್ಟ ಹಿತ್ತಾಳೆ ದೀಪದ ಸಂದಿಯಲ್ಲಿ ಕೂರುತ್ತದಲ್ಲ, ಅದೇ ಕಿಲುಬು. ವಿಜಿಎಯಲ್ಲಿ ಮೂರನೆಯ ಪಿನ್ನು ನೀಲಿ ಬಣ್ಣದ ಸಿಗ್ನಲ್ ಒಯ್ಯುವುದು. ನೀಲಿ ಹೋದರೆ ಬಿಳಿ ಹಳದಿಯಾಗುತ್ತದೆ. ಆ ದಿನ ನನಗೆ ಆಶ್ಚರ್ಯ ಆದದ್ದು ಬೇರೆ ವಿಷಯಕ್ಕೆ: ಉಳಿದ ಪಿನ್ನುಗಳೆಲ್ಲ ಹೊಂಬಣ್ಣದವು. ಅದೂ ಚಿನ್ನದ ಲೇಪದ ಕೇಬಲೇ!

ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದು ನಿಜ. ಕನೆಕ್ಟರಿಗೆ ಚಿನ್ನ ಹಾಕುವುದೇ ಅದಕ್ಕೆ. ಕರೆಂಟ್ ಹರಿಯುವ ಲೆಕ್ಕದಲ್ಲಿ ಬೆಳ್ಳಿ ಮೊದಲು, ಆಮೇಲೆ ತಾಮ್ರ, ಚಿನ್ನ ಮೂರನೆಯದು. ತಾಮ್ರದ ಸುಮಾರು ಶೇ. 70ರಷ್ಟೇ ಅದರ ವಾಹಕತೆ. ಆದರೆ ತಾಮ್ರದ ಮೈ ಗಾಳಿ ತಾಗಿ ಕಪ್ಪಾಗುತ್ತದೆ, ಚಿನ್ನದ ಮೈ ಹಾಗೆಯೇ ಇರುತ್ತದೆ. ಹಾಗಾಗಿ ಎರಡು ಲೋಹ ಮುಟ್ಟುವ ಜಾಗಕ್ಕೆ ಮಾತ್ರ ಅದು ಬೇಕು.

ಮಲ್ಪೆಯ ಕೇಬಲ್ ಹಾಗಾದರೆ ಹೇಗೆ ಹಾಳಾಯಿತು? ಲೇಪ ತೆಳುವಾದರೆ ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಉಪ್ಪಿನ ತೇವ ಆ ತೂತಿನಲ್ಲಿಳಿದು ಅಡಿಯ ಲೋಹವನ್ನು ತಿನ್ನುತ್ತದೆ. ಚಿನ್ನ ಮತ್ತು ತಾಮ್ರದ ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ, ತಾಮ್ರ ಇನ್ನೂ ಬೇಗ ಕರಗುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದಿಟ್ಟುಕೊಳ್ಳಿ, ಅಗ್ಗದ ಲೇಪ 0.1 ಮೈಕ್ರಾನ್ ಅಥವಾ ಅದಕ್ಕಿಂತಲೂ ಕಡಿಮೆ. ಒಂದು ಗ್ರಾಂ ಚಿನ್ನದ ಸರ ಹಾಕಿಕೊಂಡವರಿಗೆ ಇದು ಹೊಸದಲ್ಲ, ಬೆವರಿಗೆ ಕುತ್ತಿಗೆಯ ಹತ್ತಿರ ಮೊದಲು ಬಣ್ಣ ಹೋಗುತ್ತದೆ. ಕಂಪ್ಯೂಟರಿಗೆ ಇಂಟರ್ನೆಟ್ ತರುವ ಲ್ಯಾನ್ ಕೇಬಲಿನ ಒಳ್ಳೆಯ ಪ್ಲಗ್ಗಿಗೆ ಅಂಗಡಿಯಲ್ಲಿ "50 ಮೈಕ್ರಾನ್ ಗೋಲ್ಡ್" ಎನ್ನುತ್ತಾರೆ. ಅದು ಮೈಕ್ರಾನ್ ಅಲ್ಲ, 50 ಮೈಕ್ರೋಇಂಚು, ಅಂದರೆ 1.27 ಮೈಕ್ರಾನ್. ಆದರೂ ಅಗ್ಗದ ಲೇಪದ ಹತ್ತು ಪಟ್ಟಿಗಿಂತ ಹೆಚ್ಚಾಯಿತು. ನಿಮಗೆ ತೋರಿಸಿದ 1,800ರ ಕೇಬಲಿನ ಡಬ್ಬಿಯ ಮೇಲೆ ಲೇಪ ಎಷ್ಟು ದಪ್ಪ ಎಂದು ಬರೆದಿತ್ತಾ? ನಾನು ಎಚ್‌ಡಿಎಂಐ ಡಬ್ಬಿಗಳ ಮೇಲೆ ಈವರೆಗೆ ಕಂಡಿಲ್ಲ. ಹೊರಗಿನ ತಗಡು ಫಳಫಳ ಹೊಳೆದರೂ ಕೆಲಸ ಮಾಡುವುದು ಒಳಗಿನ 19 ಪಿನ್ನು. 350ರ ಕೇಬಲಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ, ಅಲ್ಲಿಯೂ ಹೆಚ್ಚಾಗಿ ಹಳದಿ ಪಿನ್ನುಗಳೇ ಇರುತ್ತವೆ.

ಇನ್ನು ಚಿತ್ರ. ವಿಜಿಎಯಲ್ಲಿ ಸಂಪರ್ಕ ಕೆಟ್ಟಷ್ಟೂ ಬಣ್ಣ ಕೆಡುತ್ತಿತ್ತು. ಎಚ್‌ಡಿಎಂಐಯಲ್ಲಿ ಹೋಗುವುದು ಸೊನ್ನೆ ಮತ್ತು ಒಂದು. ಅವು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಸರಿ. ತಲುಪದಿದ್ದರೆ ಪರದೆಯಲ್ಲಿ ಚುಕ್ಕಿ ಮಿನುಗುತ್ತದೆ, ನಡುನಡುವೆ ಕಪ್ಪಾಗುತ್ತದೆ, ಅಥವಾ ನೋ ಸಿಗ್ನಲ್ ಎಂದು ಬರುತ್ತದೆ. ಬಣ್ಣ ಸ್ವಲ್ಪ ಮಂಕಾಗಿದೆ, ಚಿನ್ನ ಹಾಕಿ ಗಾಢ ಮಾಡುವ ಎಂಬುದೇ ಅಲ್ಲಿಲ್ಲ. ಹೆಡ್‌ಫೋನಿನ 3.5 ಎಂಎಂ ಜಾಕ್ ಬೇರೆ. ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಜಾಗ ಅದು, ಸಂಪರ್ಕ ಕೆಟ್ಟರೆ ಕರಕರ ಸದ್ದು ಕಿವಿಗೇ ಬರುತ್ತದೆ. ಅಲ್ಲಿ ಚಿನ್ನದ ಲೇಪಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಇನ್ನು ಆಪ್ಟಿಕಲ್ ಆಡಿಯೋ ಕೇಬಲಿನ ತುದಿಗೂ ಚಿನ್ನ ಬಳಿದು ಮಾರುತ್ತಾರೆ. ಅದರೊಳಗೆ ಹೋಗುವುದು ಬರೀ ಬೆಳಕು ಮಾರಾಯ್ರೇ, ಲೋಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗೊತ್ತಿಲ್ಲದವರಿಗೆ ಅಂಥದ್ದನ್ನು ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಡಬ್ಬಿಯ ಮೇಲೆ ಚಿನ್ನದ ಬದಲು ವೇಗದ ಲೇಬಲ್ ಹುಡುಕಿ. 4ಕೆ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳಿರುವ) ಮಾನಿಟರ್ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ, ಓಡಬೇಕಾದರೆ ಪ್ರೀಮಿಯಂ ಹೈ ಸ್ಪೀಡ್, ಅದು ಸೆಕೆಂಡಿಗೆ 18 ಗಿಗಾಬಿಟ್‌ನದ್ದು. 4ಕೆ 120 ಹರ್ಟ್ಸ್ ಆದರೆ ಅಲ್ಟ್ರಾ ಹೈ ಸ್ಪೀಡ್, 48 ಗಿಗಾಬಿಟ್‌ನದ್ದು, ಅದರ ಸ್ಟಿಕ್ಕರನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ಎಂದು ನೋಡಬಹುದು. ಫುಲ್ ಎಚ್‌ಡಿಗೆ ಮಾಮೂಲಿ ಹೈ ಸ್ಪೀಡ್ ಸಾಕು.

ಉಳಿಯುವ ದುಡ್ಡನ್ನು ಲ್ಯಾನ್ ವಯರಿಗೆ ಹಾಕಿ. ಹೊಸ ಮನೆ ಎಂದಿದ್ದೀರಿ, ಗೋಡೆಯೊಳಗೆ ವಯರ್ ಎಳೆಸುವವರಿದ್ದರೆ ಇದು ಚಿನ್ನಕ್ಕಿಂತ ದೊಡ್ಡ ವಿಷಯ. ಅಗ್ಗದ ಕ್ಯಾಟ್ 6 ಎಂಬ ಲ್ಯಾನ್ ವಯರುಗಳಲ್ಲಿ ಅಲ್ಯುಮಿನಿಯಂ ಎಳೆಗೆ ಮೇಲೆ ತಾಮ್ರ ಹಚ್ಚಿರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡವೇ ಬೇಡ. ಪ್ಲಗ್ ಒತ್ತುವ ಜಾಗದಲ್ಲಿ ಮುರಿಯುತ್ತದೆ, ಅದೇ ವಯರಿನಲ್ಲಿ ಸಿಸಿಟಿವಿ ಕ್ಯಾಮೆರಾಗೆ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ಕಾಪು ಕಡೆಯ ಒಂದು ಮನೆಯಲ್ಲಿ ಇಂಥ ವಯರ್ ತೆಗೆಸಲು ಪೇಂಟ್ ಆದ ಗೋಡೆಯನ್ನೇ ಒಡೆಯಬೇಕಾಯಿತು. ಆ ಯಜಮಾನರ ಮುಖ ಇನ್ನೂ ಕಣ್ಣ ಮುಂದೆ ಉಂಟು.

ಕಡಲ ಬದಿಯ ಮನೆಗೆ ಇನ್ನೊಂದು ಮಾತು. ಸಂಪರ್ಕಕ್ಕೆ ಎರಡು ಕಡೆ ಉಂಟು. ಕೇಬಲಿನ ಪಿನ್ನಿಗೆ ಎಷ್ಟೇ ಚಿನ್ನ ಹಾಕಿದರೂ ಮಾನಿಟರಿನ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಕಿಲುಬು ಹಿಡಿದರೆ ಮುಗಿಯಿತು, ಅದನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಹಾಗಾಗಿ ಪೋರ್ಟನ್ನು ಕಾಪಾಡಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಎಲ್ಲ ಆಫ್ ಮಾಡಿ ಕೇಬಲುಗಳನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ಉಜ್ಜಿದಂತಾಗಿ ಪಿನ್ನಿನ ಮೈ ಶುಚಿಯಾಗುತ್ತದೆ. ಕೆಲಸ ಇಲ್ಲದಿದ್ದರೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಹಾಕಿಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಬಳಸದ ಪೋರ್ಟಿಗೆ ರಬ್ಬರ್ ಮುಚ್ಚಳ ಸಿಗುತ್ತದೆ, ಹಾಕಿ. ರ‍್ಯಾಮ್ (ಕಂಪ್ಯೂಟರಿನ ಮೆಮೊರಿ ಕಾರ್ಡು) ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ ಉಂಟು, ಮೊದಮೊದಲು ನಾನೂ ಮಾಡುತ್ತಿದ್ದೆ. ಅದರಿಂದ ಇದ್ದ ತೆಳು ಚಿನ್ನವೂ ಸವೆಯುತ್ತದೆ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಕೇಬಲಿನ ಬಾಯಿಯಲ್ಲಿ ಎಲ್ಲಾದರೂ ಹಸಿರು ಕಂಡರೆ ಒರೆಸುತ್ತ ಕೂರಬೇಡಿ, 350 ಕೊಟ್ಟು ಹೊಸತು ಹಾಕಿ. 1,800 ಕೊಟ್ಟಿದ್ದರೆ ಬಿಸಾಡಲು ಮನಸ್ಸು ಬರುವುದಿಲ್ಲ, ಅಷ್ಟರಲ್ಲಿ ಪೋರ್ಟ್ ಕೆಟ್ಟಿರುತ್ತದೆ.

ನಿಮ್ಮ ಮಾನಿಟರ್ ಫುಲ್ ಎಚ್‌ಡಿಯೋ 4ಕೆಯೋ ಬರೆದಿಲ್ಲ. ಹಿಂಬದಿಯ ಮಾಡೆಲ್ ನಂಬರ್ ಹಾಕಿ, ಯಾವ ಲೇಬಲಿನ ಕೇಬಲ್ ಬೇಕೆಂದು ಹೇಳುತ್ತೇನೆ.