ಶನಿವಾರ ಘಟ್ಟ, ಭಾನುವಾರ ಕಡಲು: ಮಂಗಳೂರಿಗೆ ಹೊರಟವರ ಪ್ರಶ್ನೆಗಳು

ಎರಡು ದಿನದ ಮಟ್ಟಿಗೆ ಮಂಗಳೂರಿಗೆ ಹೋಗಿಬರುವ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇವು. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಶನಿವಾರ ಕಾರಿನಲ್ಲಿ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು. ಮಂಗಳೂರಿನ ಜೊತೆಗೆ ಉಡುಪಿ, ಧರ್ಮಸ್ಥಳ, ಸುಬ್ರಹ್ಮಣ್ಯವನ್ನೂ ಮುಗಿಸಬಹುದೇ? ಶುಕ್ರವಾರ ರಾತ್ರಿಯೇ ಹೊರಟರೆ ಸಮಯ ಉಳಿಯುತ್ತದಲ್ಲವೇ?
– ಕುವೆಂಪುನಗರ, ಮೈಸೂರು

ನಾಲ್ಕೂ ಊರು ಮುಟ್ಟಿ ಬರಬಹುದು, ಆದರೆ ಒಂದನ್ನೂ ನೋಡಿದಂತಾಗುವುದಿಲ್ಲ. ಮೈಸೂರಿನಿಂದ ಮಡಿಕೇರಿ, ಸುಳ್ಯ, ಪುತ್ತೂರಿನ ಮೇಲೆ ಮಂಗಳೂರಿಗೆ ಸುಮಾರು 255 ಕಿ.ಮೀ. ಹೋಗಿ ಬರುವುದರಲ್ಲೇ ಐನೂರು ಕಿ.ಮೀ. ದಾಟುತ್ತದೆ. ಅದರ ಮೇಲೆ ಇನ್ನೂರು ಸೇರಿಸಿದರೆ ಉಳಿಯುವುದು ಬೆನ್ನುನೋವು ಮಾತ್ರ. ಮಂಗಳೂರು ಒಂದೇ ಊರು, ಒಂದೇ ಕೊಠಡಿ ಎಂದು ಇಟ್ಟುಕೊಳ್ಳಿ.

ರಾತ್ರಿ ಪ್ರಯಾಣ ಬೇಡ ಎನ್ನುವುದು ನಮ್ಮ ಖಚಿತ ಸಲಹೆ. ಈ ದಾರಿಯ ಅರ್ಧ ಚೆಂದ ಮಡಿಕೇರಿಯಿಂದ ಸಂಪಾಜೆಯವರೆಗಿನ ಘಟ್ಟದಲ್ಲೇ ಇದೆ, ಕತ್ತಲಲ್ಲಿ ಇಳಿದರೆ ಅಷ್ಟೂ ಹೋಯಿತು. ಜೊತೆಗೆ ಅಪಾಯವೂ ಉಂಟು. ಕುಶಾಲನಗರ ದಾಟಿದ ಮೇಲೆ ಸಿಗುವ ಆನೆಕಾಡಿನಲ್ಲಿ ಆನೆಗಳು ರಸ್ತೆ ದಾಟುತ್ತವೆ. ಘಟ್ಟದಲ್ಲಿ ಇದ್ದಕ್ಕಿದ್ದಂತೆ ಮಂಜು ಮುಸುಕುತ್ತದೆ.

ಬೆಳಿಗ್ಗೆ ಐದೂವರೆಗೆ ಹೊರಡಿ. ಹುಣಸೂರು, ಪಿರಿಯಾಪಟ್ಟಣ ದಾಟಿ ಏಳೂಕಾಲು, ಏಳೂವರೆಗೆ ಕುಶಾಲನಗರ. ತಿಂಡಿ ಇಲ್ಲೇ ಆಗಲಿ, ಹೊಟ್ಟೆ ಬಿರಿಯುವಷ್ಟು ಬೇಡ. ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಇಡ್ಲಿ ಸಾಕು, ಪೂರಿ, ಮಸಾಲೆದೋಸೆ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿಕೊಂಡು ಘಟ್ಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ, ಅಂದರೆ ಈ ತಿಂಡಿಯ ಹೊತ್ತಿಗೇ ಕೊಡಬೇಕು. ತಿರುವು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತದೆ. ಮೊಬೈಲ್ ನೋಡುತ್ತಾ ಕೂರಲು ಬಿಡಬೇಡಿ, ದೂರದ ರಸ್ತೆ ನೋಡುತ್ತಿರಲಿ.

ಒಂಬತ್ತಕ್ಕೆ ಮಡಿಕೇರಿ. ರಾಜಾಸೀಟು, ಅಬ್ಬಿ ಜಲಪಾತ ಎಂದು ಇಲ್ಲಿ ನಿಂತುಬಿಟ್ಟರೆ ಎರಡು ಗಂಟೆ ಜಾರಿಹೋಗುತ್ತದೆ, ಅದನ್ನು ಇನ್ನೊಂದು ವಾರಕ್ಕೆ ಇಡಿ. ಘಟ್ಟ ಇಳಿದು ಸುಳ್ಯ, ಪುತ್ತೂರು, ಮಾಣಿ, ಬಿ.ಸಿ.ರೋಡ್ ದಾಟಿ ಊಟದ ಹೊತ್ತಿಗೆ ಮಂಗಳೂರು. ಮಾಣಿಯಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಸೇರಿಕೊಳ್ಳುವುದರಿಂದ ಅಲ್ಲಿಂದ ಮುಂದೆ ಬಂದರಿನ ಲಾರಿಗಳ ಸಾಲು. ಕೊನೆಯ 30 ಕಿ.ಮೀ.ಗೆ ಒಂದು ಗಂಟೆಯನ್ನಾದರೂ ಎತ್ತಿಡಿ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಂಗಳೂರು ಬಿಡಲೇಬೇಕು. ಪುತ್ತೂರಲ್ಲೋ ಸುಳ್ಯದಲ್ಲೋ ಉಂಡು ನಾಲ್ಕರ ಸುಮಾರಿಗೆ ಘಟ್ಟ ಹತ್ತಿದರೆ ಬೆಳಕಿರುವಾಗಲೇ ಮಡಿಕೇರಿ, ಎಂಟೂವರೆಗೆ ಮೈಸೂರು. 'ಇನ್ನೊಂದು ಸಲ ಬೀಚಿಗೆ ಹೋಗಿ ಹೊರಡೋಣ' ಎಂದವರೇ ಕತ್ತಲಲ್ಲಿ ಘಟ್ಟ ಹತ್ತುವವರು.

ಪ್ರಶ್ನೆ: ಮೈಸೂರು–ಬೆಂಗಳೂರು ರಸ್ತೆ ಬಿಟ್ಟರೆ ಕಾರು ಓಡಿಸಿ ಅಭ್ಯಾಸವಿಲ್ಲ. ಘಟ್ಟ ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ ಎನ್ನುತ್ತಾರೆ. ಯಾಕೆ?
– ಸರಸ್ವತಿಪುರಂ, ಮೈಸೂರು

ಬ್ರೇಕ್ ಕೆಡುವುದಲ್ಲ, ಕಾಯುವುದು. ಮಡಿಕೇರಿ ಇರುವುದು 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿಂದ ಸಂಪಾಜೆಯ ತಪ್ಪಲಿಗೆ ಇಳಿಯುವಷ್ಟೂ ಹೊತ್ತು ಕಾಲನ್ನು ಬ್ರೇಕಿನ ಮೇಲೇ ಇಟ್ಟರೆ ಪ್ಯಾಡು, ಡಿಸ್ಕು ಕಾದು ಹಿಡಿತ ಕಡಿಮೆಯಾಗುತ್ತದೆ. ಬ್ರೇಕಿನ ಎಣ್ಣೆ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದೇ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆಗ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷದಿಂದ ಎಣ್ಣೆ ಬದಲಿಸಿಲ್ಲದಿದ್ದರೆ ಹೊರಡುವ ವಾರವೇ ಬದಲಿಸಿ.

ಇಳಿಯುವ ಕ್ರಮ ಇಷ್ಟು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಸಾಮಾನ್ಯವಾಗಿ ಎರಡು, ಸ್ವಲ್ಪ ನೇರ ಸಿಕ್ಕರೆ ಮೂರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ. ಆಟೊಮ್ಯಾಟಿಕ್ ಕಾರಾದರೆ 'ಡಿ'ಯಲ್ಲೇ ಬಿಡಬೇಡಿ, 'ಎಲ್' ಅಥವಾ ಕೈಯಿಂದ ಗೇರ್ ಬದಲಿಸುವ ವ್ಯವಸ್ಥೆಗೆ ಹಾಕಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ, ಸೀಳಲೂಬಹುದು.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಹೊಡೆದು ಕಣ್ಣಿಗೆ ಬಿಳಿಗೋಡೆ ಬರುತ್ತದೆ. ಲೋ ಬೀಮ್ ಸಾಕು. ಎದುರಿನಿಂದ ಹತ್ತುವ ಲಾರಿ, ಬಸ್ಸಿಗೆ ಮೊದಲು ದಾರಿ ಬಿಡಿ, ಏರಿನಲ್ಲಿ ನಿಂತರೆ ಅವು ಮತ್ತೆ ಎದ್ದು ಹೊರಡುವುದು ಕಷ್ಟ. ಫೋಟೊಗಾಗಿ ತಿರುವಿನಲ್ಲಿ ನಿಲ್ಲಿಸಲೇಬೇಡಿ.

ಪ್ರಶ್ನೆ: ನಾವು ಮಂಡ್ಯದವರು. ಹೋಗುವುದೊಂದು ಘಟ್ಟ, ಬರುವುದೊಂದು ಘಟ್ಟ ಮಾಡಬಹುದೇ? ಮಳೆಗಾಲದಲ್ಲಿ?
– ಮಂಡ್ಯ

ಮಾಡಬಹುದು, ಮಂಡ್ಯದವರಿಗೆ ಅದು ಚೆನ್ನಾಗಿಯೂ ಹೊಂದುತ್ತದೆ. ಸಂಪಾಜೆಯಲ್ಲಿ ಇಳಿಯಿರಿ. ಬರುವಾಗ ಉಪ್ಪಿನಂಗಡಿ, ಗುಂಡ್ಯ ದಾಟಿ ಶಿರಾಡಿ ಘಟ್ಟ ಹತ್ತಿ ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ, ನಾಗಮಂಗಲದ ಮೇಲೆ ಮಂಡ್ಯ. ಮೈಸೂರಿನವರು ಹಾಸನದಿಂದ ಹೊಳೆನರಸೀಪುರ, ಕೆ.ಆರ್.ನಗರದ ದಾರಿ ಹಿಡಿಯಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತು ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಸುತ್ತ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಶಿರಾಡಿಯೂ ಮಳೆಗಾಲದಲ್ಲಿ ಮತ್ತೆ ಮತ್ತೆ ಮುಚ್ಚುತ್ತದೆ. ಹೊರಡುವ ಹಿಂದಿನ ಸಂಜೆ ಕೊಡಗು, ಹಾಸನ, ದಕ್ಷಿಣ ಕನ್ನಡ ಮೂರೂ ಜಿಲ್ಲಾಡಳಿತಗಳ ಪ್ರಕಟಣೆ ನೋಡಿ. ರೆಡ್ ಅಲರ್ಟ್ ಇದ್ದರೆ ಪ್ರವಾಸವನ್ನೇ ಮುಂದೂಡಿ. ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ದಿನಗಳು ಒಳ್ಳೆಯವು: ಕಾಡು ಹಸಿರಾಗಿರುತ್ತದೆ, ಕಡಲು ತಣ್ಣಗಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆ ನಮ್ಮ ಬಿಸಿಲಿನಂತಲ್ಲ, ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ.

ಪ್ರಶ್ನೆ: ರೈಲಿನಲ್ಲಿ ಹೋದರೆ ಘಟ್ಟ ಕಾಣುತ್ತದೆಯೇ?
– ಶ್ರೀರಂಗಪಟ್ಟಣ

ಮಂಡ್ಯ, ಮೈಸೂರು ಹಾದು ಹೋಗುವ ಮಂಗಳೂರು ಕಡೆಯ ರೈಲು ಘಟ್ಟ ಇಳಿಯುವುದು ರಾತ್ರಿ. ನಿದ್ದೆ ಮಾಡಿ ಬೆಳಿಗ್ಗೆ ಇಳಿಯಲು ಅನುಕೂಲ, ನೋಡಲು ಏನೂ ಇಲ್ಲ. ಘಟ್ಟವನ್ನೇ ನೋಡಬೇಕೆಂದರೆ ಹಾಸನಕ್ಕೆ ಹೋಗಿ ಅಲ್ಲಿಂದ ಯಶವಂತಪುರ–ಮಂಗಳೂರು ಹಗಲು ರೈಲು ಹಿಡಿಯಬೇಕು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಈ ಮಾರ್ಗಕ್ಕೆ ಬಂದದ್ದು 2021ರ ಜುಲೈನಲ್ಲಿ. ವಾರದ ಯಾವ ದಿನ ಓಡುತ್ತದೆ ಎಂಬುದನ್ನು ನೋಡಿಯೇ ಟಿಕೆಟ್ ಮಾಡಿಸಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಐವತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಜಾರು. ನಮಗೆ ಕೇಳಲು ಅದೇನು ಮಹಾ ಅನ್ನಿಸಬಹುದು, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಅದು ಬಲು ಕಡಿದು. ಆದ್ದರಿಂದಲೇ ರೈಲು ಮೆಲ್ಲಗೆ ಹೋಗುತ್ತದೆ, ಹತ್ತುವಾಗ ಹೆಚ್ಚುವರಿ ಎಂಜಿನ್ ಬೇಕಾಗುತ್ತದೆ. ಈ ತುಂಡಿಗೆ ಎರಡೂವರೆ ಗಂಟೆ ಹಿಡಿಯುತ್ತದೆ.

ಇಳಿಯುವ ನಿಲ್ದಾಣದಲ್ಲಿ ಬಹಳ ಜನ ತಪ್ಪುತ್ತಾರೆ. ಮಂಗಳೂರು ಜಂಕ್ಷನ್ ಇರುವುದು ಪಡೀಲಿನಲ್ಲಿ, ಊರಾಚೆ. ಸೆಂಟ್ರಲ್ ಇರುವುದು ಹಂಪನಕಟ್ಟೆಯ ಹತ್ತಿರ, ಪೇಟೆಯ ಒಳಗೆ. ಟಿಕೆಟ್‌ನಲ್ಲಿ ಯಾವುದಿದೆ ಎಂದು ನೋಡಿ ಕೊಠಡಿ ಗೊತ್ತು ಮಾಡಿ.

ಪ್ರಶ್ನೆ: ನನ್ನ ಇಬ್ಬರು ಗಂಡುಮಕ್ಕಳು ವಿ.ಸಿ. ನಾಲೆಯಲ್ಲಿ ಈಜಿ ಬೆಳೆದವರು. ಸಮುದ್ರದಲ್ಲಿ ಈಜಲು ಬಿಡಬಹುದೇ?
– ಪಾಂಡವಪುರ

ನಾಲೆಯಲ್ಲಿ ಈಜಿದವರನ್ನೇ ಕಡಲು ಹೆಚ್ಚು ಮೋಸಗೊಳಿಸುತ್ತದೆ, ಅದಕ್ಕೇ ಈ ಪತ್ರಕ್ಕೆ ವಿವರವಾಗಿ ಬರೆಯುತ್ತಿದ್ದೇವೆ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ದಡ ಎರಡೂ ಕಡೆ ಕಣ್ಣೆದುರೇ ಇರುತ್ತದೆ. ಕಡಲಿನಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಎಲ್ಲಿಂದಾದರೂ ಹಿಂದೆ ಹೋಗಬೇಕು. ಅದು ಮರಳ ದಿಬ್ಬಗಳ ನಡುವೆ ಆಳವಾದ ಓಣಿಯಂಥ ಜಾಗ ಹುಡುಕಿ ಅಲ್ಲಿಂದ ರಭಸವಾಗಿ ಹೊರಗೆ ಓಡುತ್ತದೆ. ಇದೇ ಸೆಳೆತ. ಅದು ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದಡದಿಂದ ದೂರ ಒಯ್ಯುತ್ತದೆ. ಒಳ್ಳೆಯ ಈಜುಗಾರ ಗಾಬರಿಯಿಂದ ನೇರ ದಡದತ್ತ ಈಜುತ್ತಾನೆ, ನೀರಿನ ಓಟದ ವಿರುದ್ಧ ಕೈ ಸೋಲುತ್ತದೆ, ಮುಳುಗುತ್ತಾನೆ.

ಸೆಳೆತ ಇರುವ ಜಾಗ ನೋಡಲು ಶಾಂತವಾಗಿರುತ್ತದೆ. ಎಡಬಲದಲ್ಲಿ ಅಲೆ ಒಡೆದು ಬಿಳಿನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಕಂದಾಗಿ, ಮರಳು ಕಲಸಿದ ನೀರಾಗಿ ಒಳಕ್ಕೆ ಸಾಗುತ್ತಿರುತ್ತದೆ. ಮಕ್ಕಳು 'ಇಲ್ಲಿ ಅಲೆ ಕಮ್ಮಿ ಇದೆ, ಬನ್ನಿ' ಎಂದು ಇಳಿಯುವುದು ಅಲ್ಲೇ. ನೀರಿಗೆ ಇಳಿಯುವ ಮೊದಲು ಎತ್ತರದ ಮರಳಿನ ಮೇಲೆ ನಿಂತು ಹತ್ತು ನಿಮಿಷ ಕಡಲನ್ನು ನೋಡಿ, ಈ ಪಟ್ಟಿ ಗುರುತಿಸಿ. ಸಿಕ್ಕಿಹಾಕಿಕೊಂಡರೆ ಮೊದಲು ತೇಲಿ, ಉಪ್ಪುನೀರು ಸಿಹಿನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಆಮೇಲೆ ದಡದ ಉದ್ದಕ್ಕೂ, ಪಕ್ಕಕ್ಕೆ ಈಜಿ. ನೊರೆ ಏಳುವ ಜಾಗಕ್ಕೆ ಬಂದರೆ ಅಲೆಯೇ ದಡಕ್ಕೆ ತಳ್ಳುತ್ತದೆ. ದಡದಲ್ಲಿದ್ದವರು ಕಾಪಾಡಲು ಹಾರಬೇಡಿ. ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಹಗ್ಗ ಏನಿದ್ದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ.

ಜಾಗದ ಆಯ್ಕೆಯೂ ಮುಖ್ಯ. ಜೀವರಕ್ಷಕರು ಇರುವ ಪಣಂಬೂರು ಅಥವಾ ತಣ್ಣೀರುಬಾವಿಯಲ್ಲಿ, ಅವರ ಕಣ್ಣಳತೆಯಲ್ಲಿ ಮಾತ್ರ ಇಳಿಯಲಿ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳ ನಡುವೆ ನೀರು ತಿರುಗುತ್ತದೆ, ಅಲ್ಲಿ ದೇವಸ್ಥಾನ ನೋಡಿ, ಸೂರ್ಯಾಸ್ತ ನೋಡಿ, ನೀರಿಗೆ ಬೇಡ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲು ಬಲು ಸುಂದರ ಜಾಗ. ಆದರೆ ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲ ನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಬೀಚಿನಲ್ಲೂ ಪಾದ ನೆನೆಯುವುದಕ್ಕಿಂತ ಮುಂದೆ ಹೋಗಬಾರದು.

ಪ್ರಶ್ನೆ: ಜುಲೈನಲ್ಲಿ ಹೋದರೆ ತಾಜಾ ಮೀನು ಸಿಗುತ್ತದೆಯೇ? ಮನೆಗೂ ತರಬಹುದೇ?
– ಮದ್ದೂರು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ತರುವ ಅಷ್ಟಿಷ್ಟು ಮಾತ್ರ ತಾಜಾ, ಬೆಲೆ ಹೆಚ್ಚು, ಉಳಿದದ್ದು ಐಸಿನಲ್ಲಿಟ್ಟದ್ದು. ಮೀನಿಗಾಗಿಯೇ ಹೋಗುವುದಾದರೆ ಸೆಪ್ಟೆಂಬರ್ ದಾಟಲಿ. ಬಂಗುಡೆ, ಬೂತಾಯಿ ಅಗ್ಗ, ಅಂಜಲ್, ಕಾಣೆ ದುಬಾರಿ. ಹೋಟೆಲಿನಲ್ಲಿ ದೊಡ್ಡ ಮೀನಿಗೆ ಆ ದಿನದ ದರ ಇರುವುದರಿಂದ ಹೇಳುವ ಮೊದಲೇ ಕೇಳಿಕೊಳ್ಳಿ.

ತರುವುದಾದರೆ ಭಾನುವಾರ ಬೆಳಿಗ್ಗೆ ಬಂದರಿನ ಧಕ್ಕೆಗೆ ಹೋಗಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಅಲ್ಲೇ ಕರುಳು ತೆಗೆಸಿ, ತೊಳೆಸಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಪುಡಿ ಐಸು: ಕೆಳಗೊಂದು ಪದರ, ಮೀನು, ಮೇಲೊಂದು ಪದರ. ಕರಗಿದ ನೀರಿನಲ್ಲಿ ಮೀನು ನೆನೆದರೆ ಮೆತ್ತಗಾಗಿ ನಾರುತ್ತದೆ. ಮಡಿಕೇರಿಯಲ್ಲಿ ನಿಲ್ಲಿಸಿದಾಗ ನೀರು ಬಸಿದು ಮತ್ತೆ ಐಸು ತುಂಬಿ.

ಊಟದಲ್ಲಿ ಇನ್ನೊಂದು ಮಾತು. ಸಾದಾ ಹೋಟೆಲುಗಳಲ್ಲಿ ಕೆಂಪು ಕುಚ್ಚಲಕ್ಕಿ ಅನ್ನ ಬರುತ್ತದೆ. ಬಿಳಿ ಅನ್ನ ಬೇಕಾದರೆ 'ಬೆಳ್ತಿಗೆ' ಎಂದು ಕೇಳಿ. ಕೋರಿರೊಟ್ಟಿಯ ರೊಟ್ಟಿ ನಮ್ಮ ಅಕ್ಕಿರೊಟ್ಟಿಯಂತಲ್ಲ, ಹಪ್ಪಳದಂತೆ ಗರಿಗರಿ. ಮುರಿದು, ಮೇಲೆ ಕೋಳಿಸಾರು ಸುರಿದು, ಪೂರ್ತಿ ಮೆತ್ತಗಾಗುವ ಮೊದಲೇ ತಿನ್ನಬೇಕು. ಮೀನು ಮುಟ್ಟದವರಿಗೆ ಮಳೆಗಾಲವೇ ಲಾಭ, ಕೆಸುವಿನ ಎಲೆಯ ಪತ್ರೊಡೆ ಆಗಲೇ ಸಿಗುವುದು.

ಪ್ರಶ್ನೆ: ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿರುವ ಶಕ್ತಿ ಯೋಜನೆಯಲ್ಲಿ ಮಂಗಳೂರಿಗೆ ಹೋಗಿಬರಬಹುದೇ?
– ನಂಜನಗೂಡು

ಹೋಗಬಹುದು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಸ್ಲೀಪರ್, ಐರಾವತಕ್ಕೆ ಅನ್ವಯಿಸದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇರಲಿ. ಮಂಗಳೂರಿನ ಒಳಗೆ ಓಡುವ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಅವುಗಳ ಮುಖ್ಯ ನಿಲ್ದಾಣಕ್ಕೆ ಜನ ಕರೆಯುವ ಹೆಸರು 'ಸ್ಟೇಟ್ ಬ್ಯಾಂಕ್'. ಕಂಡಕ್ಟರ್ ಹಾಗೆ ಕೂಗಿದರೆ ಬ್ಯಾಂಕಿಗೆ ಹೋಗುವ ಬಸ್ಸೆಂದು ಬಿಟ್ಟುಬಿಡಬೇಡಿ. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿದೆ.

ಪ್ರಶ್ನೆ: ಇದೇ ಎರಡು ದಿನದಲ್ಲಿ ಕುದುರೆಮುಖ ಹತ್ತಬಹುದೇ?
– ವಿಜಯನಗರ, ಮೈಸೂರು

ಆಗದು. ಶಿಖರದ ಚಾರಣಕ್ಕೇ ಪೂರ್ತಿ ಒಂದು ದಿನ ಬೇಕು, ಹತ್ತುವ ದಾರಿ ಕಳಸದ ಕಡೆಯಿಂದ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದೂ ಇಲ್ಲ.

ಕಡಲ ಕಡೆಯಿಂದ ಬೆಟ್ಟ ಹತ್ತಲೇಬೇಕೆಂಬ ಆಸೆಗೆ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಇದೆ, ಮಂಗಳೂರಿನಿಂದ 60 ಕಿ.ಮೀ. ಆಸುಪಾಸು. ಒಂದೇ ಬೃಹತ್ ಬಂಡೆ, 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ತುದಿಯಲ್ಲಿದೆ. ಕಲ್ಲಿನಲ್ಲೇ ಕಡಿದ ಸಾವಿರಕ್ಕೂ ಹೆಚ್ಚು ಮೆಟ್ಟಿಲು, ನಡುವೆ ನೆರಳು ಕಡಿಮೆ. ಏಳು ಗಂಟೆಗೆ ಹತ್ತಲು ಶುರುಮಾಡಿದರೆ ಬಿಸಿಲೇರುವ ಮೊದಲು ಇಳಿಯಬಹುದು, ಒಬ್ಬರಿಗೆ ಎರಡು ಲೀಟರ್ ನೀರು ಬೇಕು. ಮಳೆಯಲ್ಲಿ ಪಾಚಿ ಕಟ್ಟಿ ಜಾರುವುದರಿಂದ ಆಗ ಹತ್ತಬಾರದು. ಮಂಡಿನೋವಿನವರು ಜೊತೆಯಲ್ಲಿದ್ದರೆ ಅವರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯಿರಿ. 1430ರಲ್ಲಿ ಕಟ್ಟಿದ್ದು, ಒಂದೊಂದು ಕಂಬದ ಕೆತ್ತನೆಯೂ ಬೇರೆ. ಕಾರ್ಕಳದ ಗೊಮ್ಮಟ ಅಲ್ಲಿಗೆ ಹತ್ತಿರವೇ, 1432ರದ್ದು, ಆದರೆ ಅದಕ್ಕೂ ಬಂಡೆ ಹತ್ತಬೇಕು. ಗಡಾಯಿಕಲ್ಲು ಇಳಿದವರು ಮಂಗಳೂರಿಗೆ ಮರಳದೆ ಉಜಿರೆ, ಚಾರ್ಮಾಡಿ ಘಟ್ಟ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನದ ಮೇಲೆ ಮೈಸೂರು ಸೇರಬಹುದು. ಹಾಗೆ ಮಾಡುವವರು ಶನಿವಾರ ರಾತ್ರಿಯೇ ಲಗೇಜು ಕಟ್ಟಿ, ಕೊಠಡಿಯ ಲೆಕ್ಕ ಮುಗಿಸಿ, ಭಾನುವಾರ ಐದೂವರೆಗೆಲ್ಲ ಮಂಗಳೂರು ಬಿಟ್ಟಿರಬೇಕು.